ಸ್ಲೀವ್ ಆಪರೇಷನ್ ಆಗಿ ಐದನೇ ವರ್ಷ: ಮತ್ತೆ ಏರಿದ ತೂಕ ಇಳಿಸಿದ್ದು ಹೇಗೆ

ತೂಕ ಇಳಿಸಲು ಹೊಟ್ಟೆ ಸಣ್ಣದು ಮಾಡುವ ಈ ಆಪರೇಷನ್‌ಗೆ ಮೊದಲು ನಾನು 118 ಕಿಲೋ, ಎರಡನೇ ವರ್ಷ 78, ಐದನೇ ವರ್ಷ 89. ಹೊಟ್ಟೆ ಮತ್ತೆ ಹಿಗ್ಗಿರಬೇಕು ಅಂತ ಎಲ್ಲರೂ ಹೇಳ್ತಾರೆ. ಅದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಏನೂ ಕುಡಿಯದೆ, ಬರೀ ಗಟ್ಟಿ ಊಟ ನಿಧಾನ ಮಾಡಿ, ಎಷ್ಟಕ್ಕೆ ಸಾಕಾಗುತ್ತದೆ ನೋಡಬೇಕು. ಎರಡು ತತ್ತಿ, ಅರ್ಧ ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯಕ್ಕೆ ನನಗೆ ಸಾಕಾಯಿತು. ಅಂದರೆ ತಪ್ಪು ಹೊಟ್ಟೆಯದಲ್ಲ.

ತಪ್ಪಿದ್ದದ್ದು ಸಂಜೆಯ ಸುಸಲಾ (ನೆನೆಸಿದ ಮಂಡಕ್ಕಿಯ ಒಗ್ಗರಣೆ), ಭಜಿ, ಚಹಾದಲ್ಲಿ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗ ತೆಗೆದು ಕೊಳವೆಯಂತೆ ಉಳಿಸುತ್ತಾರೆ. ಗಟ್ಟಿ ರೊಟ್ಟಿ ಅಲ್ಲಿ ನಿಲ್ಲುತ್ತದೆ, ಹೊಟ್ಟೆ ತುಂಬಿದ ಹಾಗಾಗುತ್ತದೆ. ಚೂಡಾ, ಸುಸಲಾ, ಬಿಸ್ಕಿಟು ಚಹಾದಲ್ಲಿ ನೆನೆದು ಜಾರಿ ಹೋಗುತ್ತವೆ, ಅರ್ಧ ತಾಸಿಗೆ ಮತ್ತೆ ಜಾಗ. ಏಳು ದಿನ ಬಾಯಿಗೆ ಹಾಕಿದ್ದೆಲ್ಲ ಅಡಿಗೆ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ಎರಡು ಚಮಚ ಸಕ್ಕರೆಯ ನಾಲ್ಕು ಚಹಾಕ್ಕೇ ಸುಮಾರು 280 ಕ್ಯಾಲರಿ. ಶೇಂಗಾ ಹಿಂಡಿ (ಚಟ್ನಿಪುಡಿ) ದೊಡ್ಡ ಚಮಚಕ್ಕೆ 55ರ ಆಸುಪಾಸು, ಮೇಲೆ ಒಂದು ಸಣ್ಣ ಚಮಚ ಎಣ್ಣೆ ಸುರಿದರೆ ಇನ್ನೂ 40. ತಾಟಿನ ಅಂಚಿನಲ್ಲಿರುವ ಹಿಂಡಿಯನ್ನು ಊಟ ಅಂತ ಯಾರೂ ಲೆಕ್ಕ ಹಿಡಿಯುವುದಿಲ್ಲ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಬೇಕು. ತೊಗರಿ ನಾಡಿನವರು ಬೇಳೆ ಉಂಡರೆ ಸಾಕು ಅಂದುಕೊಳ್ಳುತ್ತೇವೆ. 30 ಗ್ರಾಂ ಹಸಿ ಬೇಳೆಯಲ್ಲಿ ಇರುವುದು ಆರೇಳು ಗ್ರಾಂ, ತಿಳಿ ಸಾರಿನಲ್ಲಿ ಅದೂ ಇಲ್ಲ. ನನ್ನ ಲೆಕ್ಕ: ಮುಂಜಾನೆ ಎರಡು ತತ್ತಿ, ಮಧ್ಯಾಹ್ನ ಗಟ್ಟಿ ಬೇಳೆ ಮತ್ತು 75 ಗ್ರಾಂ ಪನೀರ್, ಸಂಜೆ ಚೂಡಾದ ಬದಲು ಬಟ್ಟಲು ಮೊಸರು, ರಾತ್ರಿ 80 ಗ್ರಾಂ ಬೆಂದ ಚಿಕನ್. ಮೊದಲು ಇವು, ಆಮೇಲೆ ಪಲ್ಯ, ಕೊನೆಗೆ ರೊಟ್ಟಿ. ರೊಟ್ಟಿ ಉಳಿದರೆ ಉಳಿಯಲಿ.

ಊಟದ ಜೊತೆ ನೀರಿಲ್ಲ, ಮುಗಿದ ಮೇಲೂ ಅರ್ಧ ತಾಸು ಇಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಇದೇ ಕಷ್ಟ. ನಡುನಡುವೆ ಗುಟುಕು ಗುಟುಕಾಗಿ ಎರಡು ಲೀಟರ್ ಮುಗಿಸಬೇಕು, ಇಲ್ಲದಿದ್ದರೆ ನೀರಡಿಕೆಯೇ ಹಸಿವಿನ ವೇಷ ಹಾಕಿ ಬರುತ್ತದೆ. ಮಜ್ಜಿಗೆ ಆಗಬಹುದು, ಶರಬತ್ತು ಬೇಡ.

ರಕ್ತದಲ್ಲಿ ಥೈರಾಯ್ಡ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಫೆರಿಟಿನ್ (ಕಬ್ಬಿಣದ ದಾಸ್ತಾನು), ವಿಟಮಿನ್ ಬಿ12, ಡಿ ನೋಡಿಸಿದೆ. ಕಬ್ಬಿಣ ಕಡಿಮೆಯಾದರೆ ಸುಸ್ತು, ಸುಸ್ತಾದರೆ ನಡಿಗೆ ನಿಲ್ಲುತ್ತದೆ. ಕಬ್ಬಿಣದ ಗುಳಿಗೆಗೂ ಕ್ಯಾಲ್ಸಿಯಂ ಗುಳಿಗೆಗೂ ಎರಡು ತಾಸು ಅಂತರವಿರಲಿ, ಚಹಾ ಜೊತೆಗಂತೂ ಬೇಡ. ಸ್ಟಿರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಗುಳಿಗೆಗಳೂ ತೂಕ ಏರಿಸುತ್ತವೆ. ತಾವಾಗಿ ನಿಲ್ಲಿಸದೆ ಡಾಕ್ಟರಿಗೆ ಹೇಳಿ. ಹೊಟ್ಟೆಯ ಬೈಪಾಸ್ (ತೂಕ ಇಳಿಸುವ ಇನ್ನೊಂದು ಆಪರೇಷನ್, ಹೃದಯದ್ದಲ್ಲ) ಆದವರಿಗೆ ಸಿಹಿ ತಿಂದು ಒಂದೆರಡು ತಾಸಿಗೆ ಬೆವರು, ನಡುಕ ಬಂದರೆ ಅದು ಸಕ್ಕರೆ ಕುಸಿದದ್ದು. ಅದಕ್ಕೆ ಮತ್ತೆ ಸಿಹಿ, ಹೀಗೇ ತೂಕ. ಗಟ್ಟಿ ಊಟವೇ ನಿಜವಾಗಿ ಹೆಚ್ಚಾಗಿದ್ದರೆ, ಎದೆಯುರಿ ಬಿಡದಿದ್ದರೆ, ಆಗ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ನಳಿಗೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು. ಹಸಿವು ತಗ್ಗಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ಮಾತೂ ಡಾಕ್ಟರ ಮುಂದೆಯೇ.

ಕಲಬುರಗಿಯ ಅಪ್ಪನ ಕೆರೆಯ ಸುತ್ತು ನಡಿಗೆ ಮುಂಜಾನೆ ಆರಕ್ಕೆ. ನಡಿಗೆಯೊಂದಕ್ಕೇ ಮುಳ್ಳು ಕದಲಲಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವುದು ಹತ್ತರಂತೆ ಮೂರು ಸಲ, ಡಂಬೆಲ್, ವಾರಕ್ಕೆ ಮೂರು ದಿನ ಸೇರಿಸಿದೆ. ಎಂಟು ತಿಂಗಳಿಗೆ 82.

ಭಜಿ ಬಿಟ್ಟಿಲ್ಲ. ರವಿವಾರ ಒಂದೇ ಒಂದು, ಊಟದ ಕೊನೆಗೆ. ಚಹಾ ಮಾತ್ರ ಅರ್ಧ ತಾಸು ತಡೆದು.