ಟಿವಿ ರಿಮೋಟ್‌ನ ಸಂಕೇತ ಓದಿ, ಆರ್ಡುಯಿನೊದಿಂದ ವಾಪಸ್ ಕಳಿಸುವುದು

ಎಲ್‌ಜಿ ಟಿವಿ ರಿಮೋಟ್‌ನ ಪವರ್ ಬಟನ್ ಏನು ಕಳಿಸುತ್ತದೆ ಎಂದು ಆರ್ಡುಯಿನೊ ಊನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡಿನಲ್ಲಿ ಓದಿ, ಆಮೇಲೆ ಅದೇ ಬೋರ್ಡಿನಿಂದ ಟಿವಿ ಆನ್ ಮಾಡುವುದು ಇಲ್ಲಿನ ಕೆಲಸ. ಓದುವುದು ಪಕ್ಕಾ ಆಗುವವರೆಗೆ ಕಳಿಸುವ ಭಾಗಕ್ಕೆ ಕೈ ಹಾಕಬೇಡಿ. ಎರಡನ್ನೂ ಒಟ್ಟಿಗೆ ಕಟ್ಟಿದರೆ ತಪ್ಪು ಯಾವ ಕಡೆ ಇದೆ ಎಂದು ಗೊತ್ತಾಗುವುದಿಲ್ಲ.

ಊನೊ ಬೋರ್ಡ್ ಮತ್ತು ಬ್ರೆಡ್‌ಬೋರ್ಡ್ ಬಿಟ್ಟರೆ ಬೇಕಾಗುವುದು ಇಷ್ಟು: 38 ಕಿಲೋಹರ್ಟ್ಸ್‌ನ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) ರಿಸೀವರ್, 940 ನ್ಯಾನೊಮೀಟರ್‌ನ ಐಆರ್ ಎಲ್‌ಇಡಿ, 2ಎನ್2222 ಟ್ರಾನ್ಸಿಸ್ಟರ್, 1 ಕಿಲೋಓಮ್, 100 ಓಮ್ ಮತ್ತು 39 ಓಮ್ ರೆಸಿಸ್ಟರ್ ಒಂದೊಂದು, 4.7 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಇವೆಲ್ಲ ಸಿಗುತ್ತವೆ.

ರಿಸೀವರ್ ಕೊಳ್ಳುವಾಗ ಅದರ ನಂಬರ್ ನೋಡಿಕೊಳ್ಳಿ, ಕಾಲುಗಳ ಕ್ರಮ ಅದರ ಮೇಲೆ ನಿಂತಿದೆ. ಉಬ್ಬಿದ ಮುಖ ನಿಮ್ಮ ಕಡೆ ಇದ್ದಾಗ ಎಡದಿಂದ ಬಲಕ್ಕೆ, ಟಿಎಸ್‌ಒಪಿ1738ರಲ್ಲಿ ಗ್ರೌಂಡ್, 5 ವೋಲ್ಟ್, ಔಟ್‌ಪುಟ್. ಟಿಎಸ್‌ಒಪಿ38238ರಲ್ಲಿ ಔಟ್‌ಪುಟ್, ಗ್ರೌಂಡ್, ಪವರ್. ಒಂದರ ಚಿತ್ರ ನೋಡಿ ಇನ್ನೊಂದನ್ನು ಜೋಡಿಸಿದರೆ ರಿಸೀವರ್ ಬಿಸಿಯಾಗಿ ಸುಟ್ಟುಹೋಗಬಹುದು. ಔಟ್‌ಪುಟ್ ಕಾಲನ್ನು ಊನೊದ 2ನೇ ಪಿನ್‌ಗೆ ಕೊಡಿ. ಪವರ್ ತಂತಿಗೆ 100 ಓಮ್ ರೆಸಿಸ್ಟರ್ ಸೇರಿಸಿ, ರಿಸೀವರ್‌ನ ಪವರ್ ಮತ್ತು ಗ್ರೌಂಡ್ ಕಾಲುಗಳ ನಡುವೆ ಹತ್ತಿರದಲ್ಲೇ ಕೆಪಾಸಿಟರ್ ಹಾಕಿ. ಇದಿಲ್ಲದೆಯೂ ನಡೆಯುತ್ತದೆ, ಆದರೆ ಯುಎಸ್‌ಬಿ ಚಾರ್ಜರಿನ ಗದ್ದಲ ಒಳಗೆ ಬಂದರೆ ಯಾರೂ ಬಟನ್ ಒತ್ತದೆಯೇ ಕೋಡ್ ಕಾಣಿಸತೊಡಗುತ್ತದೆ. ಬಿಸಿಲು ಮತ್ತು ಸಿಎಫ್‌ಎಲ್ ದೀಪವೂ ಇದೇ ಕಾಟ ಕೊಡುತ್ತವೆ.

ಬೋರ್ಡಿಗೆ ಕೋಡ್ ಬರೆದು ಹಾಕುವ ತಂತ್ರಾಂಶವಾದ ಆರ್ಡುಯಿನೊ ಐಡಿಇಯಲ್ಲಿ ಐಆರ್‌ರಿಮೋಟ್ ಲೈಬ್ರರಿಯ 4ನೇ ಆವೃತ್ತಿ ಹಾಕಿಕೊಂಡು, ಅದರ ಜೊತೆ ಬರುವ ರಿಸೀವ್‌ಡಂಪ್ ಉದಾಹರಣೆ ಓಡಿಸಿ. ಸೀರಿಯಲ್ ಮಾನಿಟರ್‌ನ ವೇಗ 115200 ಇರಲಿ; 9600 ಇಟ್ಟರೆ ಬರೀ ಕಸ ಕಾಣುತ್ತದೆ. ಪವರ್ ಒತ್ತಿದಾಗ ಪ್ರೋಟೊಕಾಲ್ ಎನ್‌ಇಸಿ, ಅಡ್ರೆಸ್ 4, ಕಮಾಂಡ್ 8 ಎಂದು ಬರಬೇಕು. ಎನ್‌ಇಸಿ ಎಂಬುದು ಸಂಕೇತ ಕಳಿಸುವ ಒಂದು ಪದ್ಧತಿ; ಅಡ್ರೆಸ್ ಯಾವ ಸಾಧನ ಎಂದು, ಕಮಾಂಡ್ ಯಾವ ಬಟನ್ ಎಂದು ಹೇಳುತ್ತದೆ. ಬಟನ್ ಒತ್ತಿ ಹಿಡಿದರೆ ಎನ್‌ಇಸಿ ಪೂರ್ತಿ ಕೋಡನ್ನು ಮತ್ತೆ ಕಳಿಸುವುದಿಲ್ಲ, ಸುಮಾರು 110 ಮಿಲಿಸೆಕೆಂಡಿಗೊಮ್ಮೆ ಚಿಕ್ಕ ರಿಪೀಟ್ ಸಂಕೇತ ಮಾತ್ರ ಹೋಗುತ್ತದೆ. ಅದನ್ನು ಹೊಸ ಬಟನ್ ಎಂದುಕೊಳ್ಳಬೇಡಿ.

ಹಳೆಯ ಪಾಠಗಳಲ್ಲಿ ಇದೇ ಬಟನ್‌ಗೆ 20ಡಿಎಫ್10ಇಎಫ್ ಎಂಬ ಹೆಕ್ಸ್ (16ರ ಎಣಿಕೆಯ) ಸಂಖ್ಯೆ ಬರೆದಿರುತ್ತದೆ. ಅದೂ ಸರಿಯೇ. ಆಗಿನ ಲೈಬ್ರರಿ ಮೊದಲು ಬಂದ ಬಿಟ್ಟನ್ನು ಅತಿ ಹೆಚ್ಚು ಬೆಲೆಯದೆಂದು ಓದುತ್ತಿತ್ತು, ಎನ್‌ಇಸಿ ಮೊದಲು ಕಳಿಸುವುದು ಅತಿ ಕಡಿಮೆ ಬೆಲೆಯ ಬಿಟ್ಟನ್ನು. ಹೆಕ್ಸ್ 20ರ ಬಿಟ್‌ಗಳನ್ನು ತಿರುಗಿಸಿದರೆ 4, ಹೆಕ್ಸ್ 10ನ್ನು ತಿರುಗಿಸಿದರೆ 8. ಡಿಎಫ್, ಇಎಫ್ ಎರಡೂ ಪರೀಕ್ಷೆಗಾಗಿ ಇಟ್ಟ, 0 ಇದ್ದಲ್ಲಿ 1, 1 ಇದ್ದಲ್ಲಿ 0 ಆದ ಪ್ರತಿಗಳು. ಹಳೆಯ ಕೋಡನ್ನು ಹೊಸ ಲೈಬ್ರರಿಗೆ ಹಾಗೇ ಅಂಟಿಸಿದರೆ ಟಿವಿ ಅಲುಗಾಡದಿರುವುದು ಇದಕ್ಕೇ.

ಈಗ ಕಳಿಸುವುದು. ಐಆರ್ ಎಲ್‌ಇಡಿಯನ್ನು ನೇರ ಪಿನ್‌ಗೆ ಜೋಡಿಸಿದವರು ಅರ್ಧ ಮೀಟರ್ ದೂರದಿಂದಷ್ಟೇ ಕೆಲಸ ಮಾಡುತ್ತದೆ ಎಂದು ಬೇಸರಪಡುತ್ತಾರೆ. ಊನೊದ ಪಿನ್ ನೆಮ್ಮದಿಯಾಗಿ ಕೊಡುವುದು 20 ಮಿಲಿಆಂಪಿಯರ್. ಹೆಚ್ಚು ಕರೆಂಟ್ ಬೇಕೆಂದೇ ನಡುವೆ ಟ್ರಾನ್ಸಿಸ್ಟರ್: 3ನೇ ಪಿನ್‌ನಿಂದ 1 ಕಿಲೋಓಮ್ ಮೂಲಕ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಹೋಗಿ, ಎಮಿಟರ್ ಗ್ರೌಂಡ್‌ಗೆ, 5 ವೋಲ್ಟ್‌ನಿಂದ 39 ಓಮ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಕಲೆಕ್ಟರ್‌ಗೆ. ಹೀಗೆ ಸುಮಾರು 85 ಮಿಲಿಆಂಪಿಯರ್ ಹರಿಯುತ್ತದೆ. 2ಎನ್2222ರ ಬದಲು ಸಿಗುವ ಪಿಎನ್2222 ಮತ್ತು ಪಿ2ಎನ್2222ರಲ್ಲಿ ಒಂದಕ್ಕೆ ಹೋಲಿಸಿದರೆ ಇನ್ನೊಂದರ ಕಲೆಕ್ಟರ್, ಎಮಿಟರ್ ಕಾಲುಗಳು ಅದಲುಬದಲು, ಡೇಟಾಶೀಟ್ ನೋಡದೆ ಚುಚ್ಚಬೇಡಿ.

ಸಿಂಪಲ್‌ಸೆಂಡರ್ ಉದಾಹರಣೆಯಲ್ಲಿ ಅಡ್ರೆಸ್ 4, ಕಮಾಂಡ್ 8, ರಿಪೀಟ್ 0 ಎಂದು ತಿದ್ದಿ ಅಪ್‌ಲೋಡ್ ಮಾಡಿ. ಆ ಉದಾಹರಣೆ ಪ್ರತಿ ಸುತ್ತಿಗೂ ಕಮಾಂಡ್ ಸಂಖ್ಯೆಯನ್ನು ಏರಿಸುತ್ತಾ ಹೋಗುತ್ತದೆ, ಆ ಸಾಲನ್ನೂ ತೆಗೆಯಿರಿ. ಟಿವಿ ಸುಮ್ಮನಿದ್ದರೆ ಮೊಬೈಲ್‌ನ ಸೆಲ್ಫಿ ಕ್ಯಾಮೆರಾದಲ್ಲಿ ಎಲ್‌ಇಡಿ ನೋಡಿ. ನೇರಳೆ ಮಿನುಗು ಕಂಡರೆ ವೈರಿಂಗ್ ಸರಿ, ತಪ್ಪು ಕೋಡ್‌ನಲ್ಲಿದೆ. ಹಿಂದಿನ ಕ್ಯಾಮೆರಾಗಳಲ್ಲಿ ಐಆರ್ ತಡೆಯುವ ಫಿಲ್ಟರ್ ಇರುವುದು ಹೆಚ್ಚು, ಅದರಲ್ಲಿ ಕಾಣದಿದ್ದರೆ ಗಾಬರಿ ಬೇಡ. ಸೋನಿ ಟಿವಿಯಾದರೆ ರಿಪೀಟ್ 2 ಕೊಡಿ, ಅದು ಒಂದೇ ಕೋಡನ್ನು ಮೂರು ಸಲ ಕೇಳಿಸಿಕೊಳ್ಳದೆ ಒಪ್ಪುವುದಿಲ್ಲ. ಸೋನಿಯ ಕ್ಯಾರಿಯರ್, ಅಂದರೆ ಸಂಕೇತ ಹೊರುವ ಬೆಳಕಿನ ಮಿನುಗಿನ ವೇಗ, 40 ಕಿಲೋಹರ್ಟ್ಸ್. 38ರ ರಿಸೀವರ್ ಅದನ್ನು ಓದುತ್ತದೆ, ದೂರ ಮಾತ್ರ ತುಸು ಕಡಿಮೆ.

ಎಸಿ ರಿಮೋಟ್‌ಗೆ ಈ ದಾರಿ ಸಾಲದು. ಎಸಿಯಲ್ಲಿ ಸಾಮಾನ್ಯವಾಗಿ ಯಾವ ಬಟನ್ ಒತ್ತಿದರೂ ತಾಪಮಾನ, ಫ್ಯಾನ್, ಮೋಡ್ ಎಲ್ಲ ಸೇರಿದ ಉದ್ದನೆಯ ಸಂಕೇತವೇ ಹೋಗುತ್ತದೆ. ಊನೊದ 2 ಕೆಬಿ ಮೆಮೊರಿಯಲ್ಲಿ ಅಂಥವನ್ನು ರಾ ರೂಪದಲ್ಲಿ (ಪ್ರತಿ ಮಿನುಗಿನ ಅವಧಿಯಾಗಿ) ಹಿಡಿಯಲು ಹೆಣಗುವುದಕ್ಕಿಂತ ಇಎಸ್‌ಪಿ8266 ಅಥವಾ ಇಎಸ್‌ಪಿ32 ಎಂಬ ಹೆಚ್ಚು ಮೆಮೊರಿಯ ಬೋರ್ಡ್ ತೆಗೆದುಕೊಂಡು ಐಆರ್‌ರಿಮೋಟ್‌ಇಎಸ್‌ಪಿ8266 ಲೈಬ್ರರಿ ಬಳಸುವುದು ಲೇಸು. ಹಲವು ಎಸಿ ಕಂಪನಿಗಳ ಪ್ರೋಟೊಕಾಲ್ ಅದರಲ್ಲೇ ಇದೆ. ಆ ಬೋರ್ಡುಗಳು 3.3 ವೋಲ್ಟ್‌ನವು, ಹಾಗಾಗಿ ಟಿಎಸ್‌ಒಪಿ1738 ಬಿಟ್ಟು ಟಿಎಸ್‌ಒಪಿ38238 ಹಾಕಿ.