ಗುಂಪಿನ ಫೀಡಿಗೆ ಯಾವ ಪೋಸ್ಟ್ ಬಿಡೋದು, ಯಾವುದು ಬೇಡ: ನನ್ನ ಅನುಭವ

ತುಮಕೂರಲ್ಲಿ ಫ್ರೀ ಸಾಫ್ಟ್‌ವೇರ್ (ಯಾರು ಬೇಕಾದ್ರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಹುಚ್ಚಿರೋರ ಒಂದು ಚಿಕ್ಕ ಗುಂಪಿದೆ ನಮ್ದು. ಅರ್ಧ ಜನ ಇಲ್ಲಿನ ಇಂಜಿನಿಯರಿಂಗ್ ಕಾಲೇಜ್ ಹುಡುಗ್ರು ಹುಡುಗೀರು, ಇನ್ನರ್ಧ ನನ್ ಥರ ಬೆಳಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರೋ ಗಿರಾಕಿಗಳು. ಇವರಲ್ಲಿ ಬರೆಯೋರ ಬ್ಲಾಗ್‌ಗಳನ್ನೆಲ್ಲ ಸೇರಿಸಿ ಒಂದೇ ಫೀಡ್, ಅಂದ್ರೆ ಹೊಸ ಪೋಸ್ಟೆಲ್ಲ ಒಂದೇ ಕಡೆ ಬರೋ ಪಟ್ಟಿ, ಮಾಡೋ ಕೆಲಸ ನನ್ ತಲೆಗೆ ಬಂತು, ಕಾರಣ ದೊಡ್ಡದೇನಿಲ್ಲ, ಸರ್ವರ್ ಪಾಸ್‌ವರ್ಡ್ ನನ್ ಹತ್ರ ಇತ್ತು.

ಟೆಕ್ನಿಕಲ್ ಭಾಗ ಬೇಗ ಮುಗೀತು. ಈ ಕೆಲಸಕ್ಕೇ ಅಂತ ಪ್ಲಾನೆಟ್, ವೀನಸ್ ಅನ್ನೋ ಹಳೇ ಪೈಥಾನ್ ಸಾಫ್ಟ್‌ವೇರ್‌ಗಳಿವೆ, ಆದ್ರೆ ಅವು ಪೈಥಾನ್ 2 ಕಾಲದವು, ಅದರ ಸಪೋರ್ಟೇ 2020ರ ಜನವರಿಗೆ ನಿಂತು ಹೋಯ್ತು, ಹಾಗಾಗಿ ಫೀಡ್ ಓದೋ ಫೀಡ್‌ಪಾರ್ಸರ್ ಅನ್ನೋ ರೆಡಿ ಲೈಬ್ರರಿ ಇಟ್ಕೊಂಡು ನಾವೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಹೊತ್ತು ಹೊತ್ತಿಗೆ ತಾನೇ ಓಡೋ ಹಾಗೆ ಕ್ರಾನ್‌ಗೆ ಹಾಕಿದ್ವಿ. ಫೀಡ್‌ನ ಫಾರ್ಮ್ಯಾಟ್ ಆರ್‌ಎಸ್‌ಎಸ್ ಆಗ್ಲಿ ಆಟಮ್ ಆಗ್ಲಿ ಎರಡನ್ನೂ ಅದು ಓದುತ್ತೆ.

ತಲೆನೋವು ಶುರುವಾಗಿದ್ದು ಆಮೇಲೆ. ಯಾರದು ಬರ್ಬೇಕು, ಏನು ಬರ್ಬೇಕು?

ದೊಡ್ಡ ಗುಂಪುಗಳು ಹೇಗೆ ಮಾಡ್ತಾರೆ ಅಂತ ನೋಡ್ದೆ. ಡೆಬಿಯನ್ (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್), ಗ್ನೋಮ್ (ಲಿನಕ್ಸಿನ ಒಂದು ಡೆಸ್ಕ್‌ಟಾಪ್) ಮಾಡೋರ ಇಂಥದೇ ಫೀಡ್‌ಗಳು ಪ್ಲಾನೆಟ್ ಡೆಬಿಯನ್, ಪ್ಲಾನೆಟ್ ಗ್ನೋಮ್, ಇಲ್ಲೆಲ್ಲ ಸೇರಿಸೋದು ಮನುಷ್ಯರನ್ನ, ಪೋಸ್ಟ್‌ಗಳನ್ನಲ್ಲ. ಕೆಲಸ ಮಾಡೋ ಜನರ ಬದುಕೂ ಕಾಣ್ಲಿ ಅನ್ನೋದು ಅವರ ಲೆಕ್ಕ, ಅದಕ್ಕೇ ಅಲ್ಲಿ ಸಾಫ್ಟ್‌ವೇರ್ ಪ್ಯಾಕೇಜಿಂಗ್ ಜೊತೆಗೆ ಸೈಕಲ್ ಸವಾರಿ, ಓದಿದ ಪುಸ್ತಕ ಎಲ್ಲ ಬರುತ್ತೆ. ನಂಗೆ ಆ ಪದ್ಧತಿ ಇಷ್ಟಾನೇ, ಆದ್ರೆ ಡೆಬಿಯನ್ ಡೆವಲಪರ್ ಆಗೋಕೆ ಎಷ್ಟೋ ಕಾಲ ಕೆಲಸ ಮಾಡಿ ತೋರಿಸ್ಬೇಕು, ಜರಡಿ ಅಲ್ಲೇ ಮುಗಿದಿರುತ್ತೆ. ನಮ್ಮಲ್ಲಿ ಭಾನುವಾರದ ಮೀಟಿಂಗ್‌ಗೆ ಬಂದು ಟೀ ಕುಡಿದೋರೆಲ್ಲ ಮೆಂಬರ್ರೇ. ಹಾಗಂತ ಒಂದೊಂದೇ ಪೋಸ್ಟ್ ಓದಿ ಇದು ಓಕೆ ಇದು ಬೇಡ ಅಂತ ಟ್ರೈನಲ್ಲಿ ನಿಂತ್ಕೊಂಡು ತೀರ್ಪು ಕೊಡೋ ಸಂಪಾದಕನ ಕೆಲಸವೂ ನಂಗೆ ಬೇಡ.

ಅದಕ್ಕೆ ಟ್ಯಾಗ್ ದಾರಿ ಹಿಡಿದ್ವಿ. ಗುಂಪಿಗೆ ಅಂತ ಒಂದು ಟ್ಯಾಗ್, ಯಾವ ಪೋಸ್ಟ್ ಎಲ್ರಿಗೂ ಹೋಗ್ಬೇಕು ಅನ್ಸುತ್ತೋ ಅದಕ್ಕೆ ಬರೆದೋರೇ ಹಾಕ್ಬೇಕು, ನಾವು ಆ ಟ್ಯಾಗ್‌ನ ಫೀಡ್ ಮಾತ್ರ ತಗೋತೀವಿ. ವರ್ಡ್‌ಪ್ರೆಸ್‌ನಲ್ಲಿ ಟ್ಯಾಗ್ ಪುಟದ ವಿಳಾಸದ ಕೊನೆಗೆ ಫೀಡ್ ಅಂತ ಸೇರಿಸಿದ್ರೆ ಸಾಕು, ಬ್ಲಾಗರ್‌ನಲ್ಲಿ ಲೇಬಲ್ ಲೆಕ್ಕದಲ್ಲಿ ಬೇರೆ ಫೀಡ್ ಸಿಗುತ್ತೆ, ಸೈಟ್ ಕಟ್ಟಿಕೊಡೋ ಹ್ಯೂಗೋ ಅಂತೂ ಪ್ರತಿ ಟ್ಯಾಗಿಗೂ ತಾನೇ ಒಂದು ಮಾಡಿಡುತ್ತೆ.

ಟ್ಯಾಗ್ ಇಟ್ರೆ ಎಲ್ರೂ ಎಲ್ಲದಕ್ಕೂ ಹಾಕ್ತಾರೆ ಅಂದ್ಕೊಂಡಿದ್ವಿ, ಆಗಿದ್ದು ಉಲ್ಟಾ. ಬರಬೇಕಾದವೇ ಬರ್ತಿರ್ಲಿಲ್ಲ. ಕಾಲೇಜಿನ ಒಬ್ಳು ಹುಡುಗಿ ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಕನ್ನಡ ಒತ್ತಕ್ಷರ ಯಾಕೆ ಒಡೆಯುತ್ತೆ ಅಂತ ಬರೆದಿದ್ಲು, ಒಂದಕ್ಷರಕ್ಕೆ ಇಷ್ಟೇ ಅಗಲ ಅಂತ ಟರ್ಮಿನಲ್ ಅಳತೆ ಮಾಡಿ ಮನೆ ಕೊಡೋದು, ನಮ್ಮ ಅಕ್ಷರ ಒಂದರ ಕೆಳಗೊಂದು ಸೇರಿ ಅಗಲ ಬದಲಾಗೋದು, ಸ್ಕ್ರೀನ್‌ಶಾಟ್ ಸಮೇತ. ಟ್ಯಾಗ್ ಇಲ್ಲ. ಕೇಳಿದ್ರೆ "ಇದು ಚಿಕ್ಕ ವಿಷ್ಯ ಅಲ್ವಾ ಅಣ್ಣ" ಅಂದ್ಲು. ಇಂಥವರನ್ನ ಹುಡುಕಿ ಹಾಕಮ್ಮಾ ಅಂತ ಹೇಳೋದೇ ಈಗ ನನ್ನ ಮುಖ್ಯ ಕೆಲಸ, ತೆಗೆಯೋದಕ್ಕಿಂತ.

ಜಗಳ ಜಾಸ್ತಿ ಆಗಿದ್ದು ಗುಬ್ಬಿ ಕಡೆಯ ಒಬ್ಬರ ಪೋಸ್ಟಿಗೆ. ಅವರದು ಅಡಿಕೆ ತೋಟ, ತ್ರೀ ಫೇಸ್ ಕರೆಂಟು ಬರೋದೇ ಅವೇಳೆಯಲ್ಲಿ, ರಾತ್ರಿ ಎದ್ದು ಹೋಗಿ ಮೋಟರ್ ಹಾಕೋದು ತಪ್ಪಲಿ ಅಂತ ಇಎಸ್‌ಪಿ 8266 ಅನ್ನೋ ಸಣ್ಣ ವೈಫೈ ಬೋರ್ಡು, ಸ್ವಿಚ್ ಥರ ಕೆಲಸ ಮಾಡೋ ರಿಲೇ ಹಾಕಿ ಸ್ಟಾರ್ಟರ್‌ಗೆ ಜೋಡಿಸಿದ್ರು. ಅರ್ಧ ಪೋಸ್ಟ್ ಕೋಡು, ಇನ್ನರ್ಧ ಬೋರಲ್ಲಿ ನೀರು ಬರೋದು ನಿಂತಾಗ ಮೋಟರ್ ಒಣಗಿ ಓಡದೇ ಇರೋಕೆ ಏನು ಮಾಡ್ದೆ, ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಎಷ್ಟು ಓಡಾಡ್ದೆ ಅನ್ನೋ ಪುರಾಣ. "ಸಾರ್ ಇದು ಕೃಷಿ ಪತ್ರಿಕೆಗೆ ಕಳ್ಸಿ" ಅಂದ ಒಬ್ಬ. ನಾನು ಬಿಡ್ಲಿಲ್ಲ, ಇಟ್ಟೆ. ಕೋಡನ್ನ ಯಾರು ಬೇಕಾದ್ರೂ ಬಳಸಿ ತಿದ್ದಬಹುದಾದ ಜಿಪಿಎಲ್ ಲೈಸೆನ್ಸಲ್ಲಿ ಕೊಟ್ಟಿದಾರೆ, ಓದಿದೋನು ನಾಳೆ ತಾನೂ ಮಾಡ್ಬಹುದು, ಎಡವಿದ್ರೆ ಅವರನ್ನೇ ಕೇಳ್ಬಹುದು. ನಂಗೆ ಇಷ್ಟೇ ಸಾಕು: ಓದಿದೋನು ಮಾಡೋಕೆ ಏನಾದ್ರೂ ಇರ್ಬೇಕು ಇಲ್ಲಾ ಬರೆದೋರನ್ನ ಕೇಳೋಕೆ ಏನಾದ್ರೂ ಇರ್ಬೇಕು. ಇನ್ನೊಬ್ಬರು ತಂದೆಗೆ ಹುಷಾರಿಲ್ಲ, ಅದಕ್ಕೇ ನನ್ ಕೀಬೋರ್ಡ್ ಲೇಔಟ್ ಅಪ್‌ಡೇಟ್ ತಡ ಆಗುತ್ತೆ ಅಂತ ನಾಕು ಸಾಲು ಬರೆದ್ರು, ಅದೂ ಇರ್ಲೇಬೇಕು, ಕಾಯ್ತಿರೋರು ಇದಾರಲ್ಲ.

ಕೂಪನ್ ಕೋಡ್ ಹಾಕಿ ಕೋರ್ಸ್ ಮಾರೋದು, ಕೊನೇಲಿ ಡೆಮೋ ಬುಕ್ ಮಾಡಿ ಅನ್ನೋದು, ಇವು ಬೇಡ, ಯೋಚನೆನೇ ಬೇಕಿಲ್ಲ. ಕಂಪನಿ ಕೆಲಸದಲ್ಲಿ ಸಿಕ್ಕ ಬಗ್ ಹೇಗೆ ಹಿಡಿದೆ ಅಂತ ಬರೆದ್ರೆ ಸ್ವಾಗತ. ಕೆಲಸ ಖಾಲಿ ಇದೆ ಅನ್ನೋದು ಟೆಲಿಗ್ರಾಮ್ ಗ್ರೂಪಿಗೆ. ರಾಜಕೀಯ ಅಂತ ಕೇಳ್ತಾರೆ, ಸರ್ಕಾರಿ ವೆಬ್‌ಸೈಟ್ ಫೈರ್‌ಫಾಕ್ಸಲ್ಲಿ ತೆರೆಯಲ್ಲ ಅಂತ ಬೈದ್ರೆ ಅದು ನಮ್ಮ ವಿಷ್ಯ, ಎಲೆಕ್ಷನ್ ಅಲ್ಲ.

ಬ್ಲಾಗ್ ಬೇರೆ ಕಡೆಗೆ ಸಾಗಿಸಿದಾಗ ಇನ್ನೊಂದು ಕಾಟ. ಹೊಸ ಫೀಡಲ್ಲಿ ತಾರೀಖು ಇಲ್ದಿದ್ರೆ ನಮ್ಮ ಸ್ಕ್ರಿಪ್ಟ್ ಮೊದಲು ಕಂಡ ಹೊತ್ತನ್ನೇ ತಾರೀಖು ಅಂತ ಹಿಡ್ಕೊಳುತ್ತೆ, ಹಳೇದೆಲ್ಲ ಹೊಸದಾಗಿ ಬಂದು ಕೂರುತ್ತೆ, ಪಂಕ್ತಿ ತುಂಬ ಒಬ್ಬನೇ ಎಲೆ ಹಾಕ್ಕೊಂಡು ಕೂತಂಗೆ. ಹಾಗಾಗಿ ಹೊಸ ಫೀಡ್ ಸೇರಿಸಿದಾಗ ಮೊದಲ ಕೆಲವು ಪೋಸ್ಟ್ ಮಾತ್ರ ತಗೊಳೋದು, ಮೊದಲ ಪುಟದಲ್ಲಿ ಒಬ್ಬರದು ಎರಡಕ್ಕಿಂತ ಜಾಸ್ತಿ ತೋರಿಸ್ದೇ ಇರೋದು. ಇದನ್ನ ಮಷೀನ್ ಮಾಡಿದ್ರೆ ಯಾರಿಗೂ ಬೇಜಾರಿಲ್ಲ.

ಬಗೆಹರಿಯದೇ ಇರೋದು ಎಐ ಬರಹ. ಡಾಕರ್ ಎಂದರೇನು, ಗಿಟ್ ಎಂದರೇನು ಅಂತ ದಿನಕ್ಕೊಂದು ಬರ್ತಿದೆ ಒಬ್ಬರಿಂದ, ಟ್ಯಾಗ್ ಸರಿಯಾಗಿದೆ, ತಪ್ಪೂ ಇಲ್ಲ, ಆದ್ರೆ ಆ ಮನುಷ್ಯ ತನ್ನ ಮಷೀನಲ್ಲಿ ಏನು ಮಾಡಿದ, ಎಲ್ಲಿ ಎರರ್ ಬಂತು ಅನ್ನೋದು ಒಂದು ಸಾಲೂ ಇಲ್ಲ. ಎಐ ಬಳಸಿದ್ರೆ ಬೇಡ ಅನ್ನೋದು ನನ್ ವಾದ ಅಲ್ಲ, ಕನ್ನಡ ತಿದ್ದಿಸ್ಕೊಳೋರು ನಮ್ಮಲ್ಲೇ ಇದಾರೆ. ಗುಂಪಲ್ಲಿ ಇಬ್ಬರು ತೆಗೀಲೇಬೇಕು ಅಂತಾರೆ, ಇಬ್ಬರು ಹೊಸಬ್ರಿಗೆ ಉಪಯೋಗ ಆಗುತ್ತೆ ಬಿಡಿ ಅಂತಾರೆ. ಯಾರ ಪೋಸ್ಟನ್ನೂ ಹೇಳ್ದೇ ಕೇಳ್ದೇ ತೆಗೆಯಲ್ಲ, ಮೊದಲು ಫೋನ್ ಮಾಡ್ತೀವಿ ಅನ್ನೋದು ಮಾತ್ರ ಒಪ್ಕೊಂಡಿದೀವಿ, ಅವರಿಗೂ ಫೋನ್ ಮಾಡಿ ಭಾನುವಾರ ಮೀಟಿಂಗಿಗೆ ಬನ್ನಿ, ಅಲ್ಲೇ ಮಾತಾಡೋಣ ಅಂದಿದೀನಿ.