ಹದಿಮೂರು ಅಡಿ ಎರಿಮಣ್ಣು, ಒಂದು ಲೆಗ್ ಕಟರ್: ನನ್ನ ಅನುಭವ

ಮ್ಯಾಟ್ ಮೇಲೆ ಬೆಳೆದ ಮೀಡಿಯಂ ಪೇಸರ್‌ಗೆ ಟರ್ಫ್‌ನಲ್ಲಿ (ಹುಲ್ಲು-ಮಣ್ಣಿನ ಪಿಚ್‌ನಲ್ಲಿ) ಕಟರ್, ಅಂದರೆ ಬೆರಳಿಂದ ಕೊಯ್ದು ಪಿಚ್ ಮೇಲೆ ತಿರುಗಿಸೋ ಚೆಂಡು, ಬರಲ್ಲ ಅನ್ನೋ ಮಾತು ನಮ್ಮ ಮಟ್ಟಿಗೆ ಈ ಹಂಗಾಮಿಗೆ ಮುಗೀತು. ವಿಜಯಪುರದ ನೆಟ್ಸ್‌ನಿಂದ ಹೋದ ಇಬ್ಬರು ಹುಡುಗರ ಲೆಗ್ ಕಟರ್ (ಲೆಗ್ ಕಡೆಯಿಂದ ಆಫ್ ಕಡೆಗೆ ತಿರುಗೋ ಕಟರ್) ಹುಬ್ಬಳ್ಳಿಯ ಟರ್ಫ್ ಮೇಲೆ ತಿರುಗಿ ಸ್ಲಿಪ್‌ಗೆ ಕ್ಯಾಚ್ ಕೊಡಿಸಿದೆ. ಅದಕ್ಕೆ ಕಾರಣ 13 ಅಡಿ ಉದ್ದ, 6 ಅಡಿ ಅಗಲದ ಎರಿಮಣ್ಣಿನ (ಜಿಗಟು ಕರಿ ಮಣ್ಣಿನ) ಒಂದು ಪಟ್ಟಿ. ಪೂರ್ತಿ ಪಿಚ್ ಅಲ್ಲ, ಚೆಂಡು ಬೀಳುವ ಜಾಗ ಮಾತ್ರ. ಬ್ಯಾಟಿಂಗ್ ಸ್ಟಂಪಿನಿಂದ 15 ಅಡಿಗೆ ಶುರು, 28 ಅಡಿಗೆ ಮುಗಿತಾಯ. ಫುಲ್‌ನಿಂದ ಗುಡ್ ಲೆಂಗ್ತ್‌ವರೆಗೆ ಎಲ್ಲವೂ ಅದರೊಳಗೇ ಬೀಳುತ್ತೆ. ಉಳಿದ ಕಡೆ ಮ್ಯಾಟ್ ಇದ್ದರೂ ನಡೆಯುತ್ತೆ.

ನಾರಿನ ಮ್ಯಾಟ್ ಬೌಲರ್‌ಗೆ ಸುಳ್ಳು ಹೇಳುತ್ತೆ. ಬೆರಳು ಅರ್ಧಂಬರ್ಧ ಜಾರಿಸಿದರೂ ನಾರು ಚೆಂಡನ್ನು ಹಿಡಿದು ತಿರುಗಿಸಿಬಿಡುತ್ತೆ. ಹುಡುಗ ಕಟರ್ ಬಂತು ಅಂದ್ಕೋತಾನೆ. ಅದೇ ಚೆಂಡು ಟರ್ಫ್ ಮೇಲೆ ನೆಟ್ಟಗೆ ಹೋಗಿ ಕವರ್ಸ್‌ಗೆ ಬೌಂಡರಿ ಆಗುತ್ತೆ. 120–125 ಕಿ.ಮೀ. ವೇಗದವನಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ವೆಂಕಟೇಶ್ ಪ್ರಸಾದ್ ವೇಗದಿಂದ ಹೆದರಿಸಿದವರಲ್ಲ. 1996ರ ಡಿಸೆಂಬರ್‌ನಲ್ಲಿ ಡರ್ಬನ್‌ನಲ್ಲಿ 60 ರನ್‌ಗೆ 5 ವಿಕೆಟ್, 93ಕ್ಕೆ 5. 1999ರಲ್ಲಿ ಚೆನ್ನೈನಲ್ಲಿ ಪಾಕಿಸ್ತಾನದ ಮೇಲೆ 33ಕ್ಕೆ 6. 33 ಟೆಸ್ಟ್‌ಗಳಲ್ಲಿ 96 ವಿಕೆಟ್ ಬಂದದ್ದು ಸೀಮ್ (ಚೆಂಡಿನ ಹೊಲಿಗೆ) ಮತ್ತು ಕಟರ್‌ನಿಂದ. ಆ ದಾರಿ ನಮ್ಮ ಹುಡುಗರಿಗೂ ಇದೆ, ಆದರೆ ಕಲಿಯುವಾಗಲೇ ಕಾಲ ಕೆಳಗೆ ಮಣ್ಣು ಬೇಕು.

ಮೊದಲ ಪಟ್ಟಿ ಪೂರ್ತಿ ಹಾಳಾಯ್ತು. ಡೋಣಿ ನದಿ ಸಾಲಿನ ದಂಡೆಯ ಮಣ್ಣು ತರಿಸಿದೆ, ಟ್ರ್ಯಾಕ್ಟರ್ ಟ್ರಿಪ್ಪಿಗೆ 1,800 ರೂಪಾಯಿ ಹತ್ತಿರ. ನಾಲ್ಕು ಇಂಚು ಒಂದೇ ಸಲ ತುಂಬಿ, ಹಸಿ ಇದ್ದಾಗಲೇ ರೋಲರ್ ಎಳೆಸಿದೆ. ಮಣ್ಣು ರೋಲರ್‌ಗೇ ಅಂಟಿತು. ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಏಪ್ರಿಲ್ ಬಿಸಿಲಿಗೆ ನಾಲ್ಕನೇ ದಿನ ಎರಡು ಬೆರಳು ಹೋಗುವಷ್ಟು ಬಿರುಕು. ಬಿರುಕಿನ ಅಂಚಿಗೆ ತಾಗಿದ ಚೆಂಡು ಎದೆಮಟ್ಟಕ್ಕೆ ಏಳುತ್ತಿತ್ತು, ಬ್ಯಾಟ್ಸ್‌ಮನ್‌ನ ನಿಲ್ಲಿಸೋ ಹಾಗೇ ಇರಲಿಲ್ಲ. ಮೇಲಾಗಿ ಒಣಗಿದ ಮೇಲೆ ಬಿಳಿ ಉಪ್ಪು ಬಿಟ್ಟಿತು, ಕರಿಕೆ ಹುಲ್ಲು ಹತ್ತಲೇ ಇಲ್ಲ.

ಎರಡನೇ ಸಲ ಮನೆ ಕಟ್ಟೋರ ಮಾತು ಕೇಳಿ ಮೂರಕ್ಕೊಂದು ಪಾಲು ಮರಳು ಬೆರೆಸಿದೆ. ಬಿರುಕು ಬಿಡಲಿಲ್ಲ ನಿಜ, ಆದರೆ ಹತ್ತು ಓವರ್‌ಗೆ ಪುಡಿಪುಡಿ. ಎರಿ ಹಿಡಿಯೋದು ಜಿಗಟಿನಿಂದ, ಆ ಜಿಗಟನ್ನೇ ಮರಳು ಕೊಂದಿತ್ತು.

ಮೂರನೇದ್ದಕ್ಕೆ ಹಳೇ ಜೋಳದ ಹೊಲದ ಮಣ್ಣು, ಅರ್ಧ ಟ್ರಾಲಿ ಸಾಕಾಯ್ತು. ಮೇಲಿನ ಅರ್ಧ ಅಡಿ ಬಿಟ್ಟು ಕೆಳಗಿನದು ತೆಗೆಸಿ, ಒಣಗಿಸಿ ಕುಟ್ಟಿ, ಸಾಣಿಗೆ ಹಿಡಿದು ಸುಣ್ಣದ ಹರಳೆಲ್ಲ ತೆಗೆದೆವು. ಒಂದು ಹರಳು ಉಳಿದರೂ ಚೆಂಡು ಅಲ್ಲೇ ದಿಕ್ಕು ತಪ್ಪುತ್ತೆ. ಆಮೇಲೆ ಒಂದೊಂದೇ ಇಂಚು. ಪ್ರತಿ ಪದರ ರೋಲ್ ಆದ ಮೇಲೆ ಮುಂದಿನದು ಹಾಕೋ ಮೊದಲು ಕುರ್ಪಿಯಿಂದ ಮೇಲ್ಮೈ ಗೀರಲೇಬೇಕು. ಇಲ್ಲದಿದ್ದರೆ ಪದರ ಪದರವಾಗಿ ರೊಟ್ಟಿ ಎದ್ದಂಗೆ ಏಳುತ್ತೆ.

ಹದ ನೋಡೋದು ಹೀಗೆ: ಮುಷ್ಟಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ಚೂರಾದರೆ ಒಣಗಿದೆ, ಚಪ್ಪಟೆಯಾದರೆ ಹಸಿ. ಎರಡು ಮೂರು ಹೋಳಾದರೆ ರೋಲರ್ ಎಳೀರಿ. ರೋಲರ್ ಅಂದರೆ 200 ಲೀಟರ್‌ನ ಹಳೇ ಡ್ರಮ್, ನಡುವೆ ಪೈಪು, ಒಳಗೆ ಕಾಂಕ್ರೀಟ್. ಒಂದೂವರೆ ಚೀಲ ಸಿಮೆಂಟು ಹಿಡಿಯಿತು, ತೂಕ ಐದು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ. ನಾಲ್ಕು ಜನ ಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಹನ್ನೆರಡು ದಿನ ಎಳೆದೆವು. ಕರಿಕೆ ಬೇರು ನಾಲ್ಕು ಬೆರಳಿಗೊಂದು ಊರಿ, ಎರಡು ತಿಂಗಳು ಕಾದೆವು. ಬೇರು ಹಿಡಿದ ಮೇಲೆ ಬಿರುಕು ಕೂದಲಷ್ಟೇ. ಮೂರನೇ ಪಟ್ಟಿಗೆ ಒಟ್ಟು 9,000 ಖರ್ಚು. ಮೂರೂ ಸೇರಿ 26–27 ಸಾವಿರ ಆಗಿರಬಹುದು. ಪೂರ್ತಿ ಟರ್ಫ್ ಪಿಚ್‌ಗೆ ಎರಡು ಲಕ್ಷದ ಮೇಲೆ ಕೇಳಿದ್ದರು. ಕೊನೆಯ ನೀರಿಗೆ ಏನು ಬೆರೆಸ್ತೀನಿ ಅನ್ನೋದು ಇಲ್ಲಿ ಬರೆಯಲ್ಲ.

ನಡುವೆ ಒಂದು ತುಂಡಿಗೆ ಕಣ ಸಾರಿಸಿದಂಗೆ ಸಗಣಿ ಸಾರಿಸಿ ನೋಡಿದೆ. "ಸರ, ಇಲ್ಲಿ ರಾಶಿ ಮಾಡೋದೈತೇನ್ರಿ?" ಅಂತ ಕೇಳಿದೋರು ಬಹಳ. ಮೊದಲ ದಿನ ಚೆಂಡು ಚೆಂದ ಜಾರಿತು, ಆದರೆ ಸೀಮ್ ಬಿದ್ದಲ್ಲೆಲ್ಲ ಹಕ್ಕಳೆ ಎದ್ದಿತು. ಬಿಟ್ಟೆ. ಮಸಾರಿ (ಕೆಂಪು) ಮಣ್ಣನ್ನು ಮಾತ್ರ ಬೌಲರ್‌ನ ಮುಂಗಾಲು ಊರುವ ಜಾಗಕ್ಕೆ ಹಾಕಿದ್ದು ಒಳ್ಳೇದಾಯ್ತು. ಅಲ್ಲಿ ಮುಂಚೆ ಮ್ಯಾಟ್ ಕೆಳಗೆ ಕಾಂಕ್ರೀಟ್ ಇತ್ತು. ದೇಹದ ತೂಕದ ಐದಾರು ಪಟ್ಟು ಭಾರ ಆ ಕಾಲಿನ ಮೇಲೆ ಬೀಳುತ್ತೆ. ಕಾಂಕ್ರೀಟ್ ಒಡೆಸಿದ ಮೇಲೆ ಮುಂಗಾಲಿನ ಎಲುಬಿನ ನೋವು ಅನ್ನೋ ದೂರು ಬಹಳ ಇಳಿಯಿತು.

ಈಗ ಬೌಲಿಂಗ್. ಬಲಗೈಯವನಿಗೆ ನಡುಬೆರಳು ಸೀಮ್ ಮೇಲೆ, ತೋರುಬೆರಳು ಅದರ ಪಕ್ಕ. ಬಿಡುವಾಗ ಬೆರಳು ಚೆಂಡಿನ ಎಡಮಗ್ಗುಲಿನಿಂದ ಕೆಳಗೆ ಕೊಯ್ಯಬೇಕು, ತೋಳಿನ ವೇಗ ಇಳಿಯಬಾರದು. ಹೆಬ್ಬೆರಳು ಎಲ್ಲಿ ಇಡಿಸ್ತೀನಿ ಅನ್ನೋದು ನಮ್ಮ ಹುಡುಗರಿಗೇ ಇರಲಿ. ಎಲ್ಲರೂ ಮಾಡೋ ತಪ್ಪು ಅಂದರೆ ಮಣಿಕಟ್ಟು ಮೊದಲೇ ತಿರುಗಿಸೋದು. ಚೆಂಡು ಮೇಲೆದ್ದು ನಿಧಾನವಾಗುತ್ತೆ, ಬ್ಯಾಟ್ಸ್‌ಮನ್‌ಗೆ ಕೈಯಿಂದಲೇ ಕಾಣುತ್ತೆ. ಸ್ಟಾಕ್ ಬಾಲ್‌ಗಿಂತ (ಅವನ ಮಾಮೂಲಿ ಚೆಂಡಿಗಿಂತ) ವೇಗ 12 ಕಿ.ಮೀ.ಗಿಂತ ಹೆಚ್ಚು ಇಳಿದರೆ ಅದನ್ನು ಕಟರ್ ಅಂತ ನಾನು ಲೆಕ್ಕ ಹಿಡಿಯಲ್ಲ.

ಈ ಪಟ್ಟಿಯ ನಿಜವಾದ ಬೆಲೆ ಗುರುತಿನಲ್ಲಿದೆ. ಬೆಳಗ್ಗೆ ಆರಕ್ಕೆ ನೀರು ಚಿಮುಕಿಸಿ ಇಪ್ಪತ್ತು ನಿಮಿಷ ಬಿಟ್ಟು ಬೌಲಿಂಗ್ ಹಾಕಿಸಿ, ಪ್ರತಿ ಚೆಂಡಿಗೂ ಹೋಗಿ ಬಗ್ಗಿ ನೋಡಿ. ಸೀಮ್ ತಾಗಿದ್ದರೆ ಕರಿ ಮಣ್ಣಿನಲ್ಲಿ ಕಿರುಬೆರಳಿನ ಅಗಲಕ್ಕೆ ಸಾಲು ಸಾಲು ಹೊಲಿಗೆಯ ಅಚ್ಚು ಒತ್ತಿರುತ್ತೆ. ಅಚ್ಚು ಓರೆಯಾಗಿದ್ದರೆ ಬೆರಳು ಕೊಯ್ದಿದೆ. ನೆಟ್ಟಗಿದ್ದರೆ ಬರೀ ಸೀಮ್ ಅಪ್, ಅಂದರೆ ಹೊಲಿಗೆ ನೆಟ್ಟಗಿಟ್ಟು ಹಾಕಿದ ಚೆಂಡು. ತೊಗಲು ತಾಗಿದ್ದರೆ ಹೆಬ್ಬೆರಳಿಂದ ಒರೆಸಿದಂಥ ನುಣುಪು ಕಲೆ, ಅಂಚಿಗೆ ಚೂರು ಕೆಂಪು ಬಣ್ಣ. ಮೊಬೈಲ್ ಸ್ಲೋ ಮೋಷನ್‌ಗಿಂತ ಹುಡುಗರು ಇದನ್ನು ಬೇಗ ನಂಬ್ತಾರೆ. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂ.ಮೀ., ಅದರಲ್ಲಿ ಅರ್ಧದಷ್ಟು ತಿರುಗಿದರೆ ಎಡ್ಜ್ ಸಿಗುತ್ತೆ. ನೆಟ್ ಹಿಂದಿನ ಬಟ್ಟೆಗೆ ಸುಣ್ಣದಲ್ಲಿ ಗೆರೆ ಹೊಡೆದು ಅಷ್ಟು ತಿರುಗಿದ ಚೆಂಡು ಎಣಿಸಿದೆವು. ಮೊದಲ ತಿಂಗಳು 30ಕ್ಕೆ ಆರೇಳು ಚೆಂಡು, ಐದನೇ ತಿಂಗಳಿಗೆ 17–18.

ದಿನಕ್ಕೆ 36 ಚೆಂಡಿನಲ್ಲಿ 12ರ ಮೇಲೆ ಕಟರ್ ಬೇಡ, ಮೊಣಕೈ ಒಳಮಗ್ಗುಲು ಹಿಡಿಯುತ್ತೆ. ಹದಿನಾರರ ಕೆಳಗಿನವರಿಗೆ ನಾನು ಎಂಟಕ್ಕೇ ನಿಲ್ಲಿಸ್ತೀನಿ.

ನೆಟ್ಸ್ ಮುಗಿದ ಕೂಡಲೇ ಗುಂಡಿಗಳಿಗೆ ಅದೇ ಸಾಣಿಗೆ ಹಿಡಿದ ಮಣ್ಣನ್ನು ಹದವಾಗಿ ಕಲಸಿ ತುಂಬಿ, ದಿಮ್ಮಿಯಿಂದ ಬಡಿದು, ಗೋಣಿಚೀಲ ಹೊದಿಸಬೇಕು. ಮರುದಿನಕ್ಕೆ ಬಿಟ್ಟರೆ ಅಂಚು ಒಣಗಿ ಹೊಸ ಮಣ್ಣು ಕೂಡಲ್ಲ. ಇದಕ್ಕಂತಲೇ ಒಂದು ಚೀಲ ಮಣ್ಣು ಶೆಡ್ಡಿನಲ್ಲಿ ಯಾವಾಗಲೂ ಒಣಗಿಸಿ ಇಟ್ಟಿರ್ತೀವಿ.